ಆಪ್ಷನ್ ಪಟ್ಟಿಯಲ್ಲಿ ಅಡಗಿ ಬಂದ ಕಾರು

ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎಂಬ ಗಾದೆ ಅಮೆರಿಕನ್ನರಿಗೆ ಗೊತ್ತಿಲ್ಲ. ಆದರೆ 1963ರಲ್ಲಿ, ಡೆಟ್ರಾಯಿಟ್‌ಗೆ ಉತ್ತರದಲ್ಲಿರುವ ಪಾಂಟಿಯಾಕ್ ಎಂಬ ಊರಿನಲ್ಲಿ, ಮೂವರು ಎಂಜಿನಿಯರುಗಳು ಮಾಡಿದ ಕೆಲಸಕ್ಕೆ ಇದಕ್ಕಿಂತ ಒಪ್ಪುವ ಮಾತು ನನಗೆ ಇಂಗ್ಲಿಷಿನಲ್ಲಿ ಸಿಕ್ಕಿಲ್ಲ. ಮೇಲಿನವರು ಚಾಪೆ ಹಾಸಿದ್ದರು. ಇವರು ರಂಗೋಲಿ ಕೆಳಗೆ ತೂರಿದರು. ಹೊರಬಂದದ್ದು ಪಾಂಟಿಯಾಕ್ ಜಿಟಿಓ ಎಂಬ ಕಾರು. ಮುಂದೆ ಒಂದು ದಶಕ ಅಮೆರಿಕದ ಹುಡುಗರಿಗೆ ಹುಚ್ಚು ಹಿಡಿಸಿದ ‘ಮಸಲ್ ಕಾರು’ಗಳೆಂಬ ಸಂತತಿಗೆ ಅದೇ ಹಿರಿಯಣ್ಣ ಎನ್ನುವವರು ಹೆಚ್ಚು.

ನಾನು ಮಿಶಿಗನ್ನಿಗೆ ಬಂದು ಇಪ್ಪತ್ತು ವರ್ಷ ದಾಟಿತು. ಹೊಟ್ಟೆಪಾಡು ಬ್ರೇಕಿನದು. ಕಾರನ್ನು ನಿಲ್ಲಿಸುವುದು ಹೇಗೆ ಎಂದು ಯೋಚಿಸುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಹಾಗಾಗಿ ಹಳೆಯ ಕಾರುಗಳ ಬಗ್ಗೆ ಇಲ್ಲಿಯವರು ಕಣ್ಣರಳಿಸಿ ಮಾತಾಡುವಾಗ ನಾನು ಸ್ವಲ್ಪ ಬೇರೆ ಪೆಡಲಿನ ಕಡೆಯಿಂದ ಕೇಳಿಸಿಕೊಳ್ಳುತ್ತೇನೆ. ಈ ಪಕ್ಷಪಾತವನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು.

ಮೊದಲು ಚಾಪೆಯ ವಿಷಯ. 1950ರ ದಶಕದ ನಡುವಿನವರೆಗೆ ಪಾಂಟಿಯಾಕ್ ಎಂದರೆ ಶಾಲಾ ಮೇಷ್ಟರು, ಬ್ಯಾಂಕ್ ಗುಮಾಸ್ತರು ಕೊಳ್ಳುವ ಮರ್ಯಾದಸ್ಥ ಕಾರು. ಜನರಲ್ ಮೋಟರ್ಸ್ ಎಂಬ ದೊಡ್ಡ ಕುಟುಂಬದಲ್ಲಿ ಶೆವರ್ಲೆಗಿಂತ ಒಂದು ಮೆಟ್ಟಿಲು ಮೇಲೆ, ಬ್ಯೂಕಿಗಿಂತ ಕೆಳಗೆ. 1956ರಲ್ಲಿ ಬಂಕಿ ನಡ್ಸನ್ ಎಂಬವನು ಈ ವಿಭಾಗದ ಮುಖ್ಯಸ್ಥನಾಗಿ ಬಂದ. ಮುದುಕರ ಕಾರು ಎಂಬ ಹೆಸರನ್ನು ತೊಳೆದುಹಾಕಲು ಅವನು ಹಿಡಿದ ದಾರಿ ರೇಸು. ಸ್ಟಾಕ್ ಕಾರ್ ರೇಸುಗಳಲ್ಲಿ, ಕಾಲು ಮೈಲಿಯ ಡ್ರ್ಯಾಗ್ ರೇಸುಗಳಲ್ಲಿ ಪಾಂಟಿಯಾಕ್ ಗೆಲ್ಲತೊಡಗಿತು, ಅಂಗಡಿಯಲ್ಲಿ ಮಾರಾಟವೂ ಏರಿತು. ಅಷ್ಟರಲ್ಲಿ, 1963ರ ಜನವರಿಯಲ್ಲಿ, ಜನರಲ್ ಮೋಟರ್ಸ್‌ನ ಮೇಲಿನ ಮಹಡಿಯಿಂದ ಅಪ್ಪಣೆ ಇಳಿಯಿತು. ಇನ್ನು ಮೇಲೆ ಯಾವ ವಿಭಾಗವೂ ರೇಸಿನ ಸಹವಾಸಕ್ಕೆ ಹೋಗಕೂಡದು. ಆಗ ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಎರಡು ಕಾರುಗಳಲ್ಲಿ ಒಂದು ಜನರಲ್ ಮೋಟರ್ಸ್‌ನದು. ಇನ್ನೂ ಹೆಚ್ಚಿಗೆ ಮಾರಿದರೆ ಏಕಸ್ವಾಮ್ಯದ ಕಾನೂನು ತೋರಿಸಿ ಸರ್ಕಾರ ಕಂಪನಿಯನ್ನು ಒಡೆದುಬಿಟ್ಟೀತು ಎಂಬ ಭಯ ಅವರಿಗಿತ್ತು. ಗೆಲುವೇ ಅಪಾಯವೆನಿಸುವಷ್ಟು ದೊಡ್ಡ ಕಂಪನಿ! ಇದರ ಜೊತೆಗೆ ಇನ್ನೊಂದು ನಿಯಮವೂ ಇತ್ತು. ಮಧ್ಯಮ ಗಾತ್ರದ ಕಾರುಗಳಲ್ಲಿ 330 ಘನ ಇಂಚಿಗಿಂತ ದೊಡ್ಡ ಎಂಜಿನ್ ಕೂರಿಸಬಾರದು.

ಆಗ ಪಾಂಟಿಯಾಕ್‌ನ ಮುಖ್ಯ ಎಂಜಿನಿಯರ್ ಜಾನ್ ಡಿಲೋರಿಯನ್. ಡೆಟ್ರಾಯಿಟ್‌ನಲ್ಲೇ ಹುಟ್ಟಿದವನು, ಫೋರ್ಡ್ ಕಾರ್ಖಾನೆಯ ಕೂಲಿಕಾರನ ಮಗ. ಅವನ ಕೈಕೆಳಗೆ ಬಿಲ್ ಕಾಲಿನ್ಸ್, ರಸ್ ಗೀ. 1964ರ ಮಾದರಿಯ ಟೆಂಪೆಸ್ಟ್ ಎಂಬ ಮಧ್ಯಮ ಕಾರನ್ನು ಪರೀಕ್ಷಿಸುತ್ತಿದ್ದಾಗ ಕಾಲಿನ್ಸ್‌ಗೆ ಹೊಳೆದದ್ದು ಬಹಳ ಸರಳವಾದ ಸಂಗತಿ. ಅದರಲ್ಲಿದ್ದ 326 ಘನ ಇಂಚಿನ ಎಂಜಿನ್ನಿಗೂ, ಪಾಂಟಿಯಾಕ್‌ನ ದೊಡ್ಡ ಕಾರುಗಳ 389 ಘನ ಇಂಚಿನ ಎಂಜಿನ್ನಿಗೂ ಹೊರಮೈ ಒಂದೇ. ಕೂರಿಸುವ ಆಧಾರಗಳೂ ಅವೇ. ಒಂದನ್ನು ಎತ್ತಿ ಇನ್ನೊಂದನ್ನು ಇಳಿಸಿದರೆ ಆಯಿತು, ಹೊಸದಾಗಿ ಏನೂ ಕೊರೆಯಬೇಕಿಲ್ಲ.

389 ಘನ ಇಂಚು ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು 6.4 ಲೀಟರ್. ಅದೇ ಕಾಲದಲ್ಲಿ ಬೆಂಗಳೂರಿನ ರಸ್ತೆಯ ಮೇಲಿದ್ದ ಅಂಬಾಸಡರಿನದು 1.5 ಲೀಟರ್, ಸುಮಾರು 50 ಅಶ್ವಶಕ್ತಿ. ಜಿಟಿಓ ಎಂಜಿನ್ನಿಗೆ ಕಾಗದದ ಮೇಲೆ 325 ಅಶ್ವಶಕ್ತಿ. ಮೂರು ಕಾರ್ಬುರೇಟರ್ ಸಾಲಾಗಿ ಕೂರಿಸಿದ ‘ಟ್ರೈ-ಪವರ್’ ತೆಗೆದುಕೊಂಡರೆ 348. ಅಂಬಾಸಡರಿನಲ್ಲಿ ಮದುವೆ ದಿಬ್ಬಣ ಹೋದ ಮನೆಗಳಲ್ಲಿ ಬೆಳೆದವರಿಗೆ ಈ ಅಂಕಿಯನ್ನು ನಂಬುವುದೇ ಕಷ್ಟ.

ನಿಯಮ ಅಡ್ಡ ಬಂತಲ್ಲ? ಅದಕ್ಕೇ ರಂಗೋಲಿ. ಹೊಸ ಕಾರು ತಂದರೆ ಮೇಲಿನವರ ಒಪ್ಪಿಗೆ ಬೇಕು. ಆದರೆ ಇರುವ ಕಾರಿಗೆ ‘ಆಪ್ಷನ್’ ಸೇರಿಸಲು ಯಾರ ಒಪ್ಪಿಗೆಯೂ ಬೇಡ. ರೇಡಿಯೋ, ಹೀಟರ್, ಬಿಳಿ ಅಂಚಿನ ಟಯರು ಇದ್ದಂತೆ ಆ ಪಟ್ಟಿಯಲ್ಲಿ ಇದೂ ಒಂದು. ಟೆಂಪೆಸ್ಟ್ ಲೆಮಾನ್ಸ್ ಕೊಳ್ಳುವವರು ಸುಮಾರು 295 ಡಾಲರ್ ಹೆಚ್ಚಿಗೆ ಕೊಟ್ಟರೆ ದೊಡ್ಡ ಎಂಜಿನ್, ಗಟ್ಟಿ ಸ್ಪ್ರಿಂಗು, ಎರಡು ಹೊಗೆಕೊಳವೆ, ನೆಲದಿಂದ ಎದ್ದ ಗೇರ್ ಕಡ್ಡಿ ಎಲ್ಲ ಬರುತ್ತವೆ. ವಿಭಾಗದ ಮುಖ್ಯಸ್ಥನಾಗಿದ್ದ ಪೀಟ್ ಎಸ್ಟಸ್ ಧೈರ್ಯ ಮಾಡಿ ಸಹಿ ಹಾಕಿದ. ಮಾರಾಟದವರಿಗೆ ನಂಬಿಕೆ ಇರಲಿಲ್ಲ. ಐದು ಸಾವಿರ ಹೋದರೆ ಹೆಚ್ಚು ಎಂದರು. ಆ ವರ್ಷ ಹೋದದ್ದು 32,450. ಅಷ್ಟು ಹಣ ಬಂದ ಮೇಲೆ ನಿಯಮ ಮುರಿದದ್ದನ್ನು ಯಾರು ಕೇಳುತ್ತಾರೆ? ಮರುವರ್ಷ 75 ಸಾವಿರ, ಅದರ ಮರುವರ್ಷ 97 ಸಾವಿರದ ಹತ್ತಿರ.

ಹೆಸರನ್ನು ಇಟಲಿಯ ಫೆರಾರಿಯಿಂದ ನೇರವಾಗಿ ಎತ್ತಿದರು. ‘ಗ್ರಾನ್ ತೂರಿಸ್ಮೊ ಓಮೊಲೊಗಾತೊ’ ಎಂದರೆ ರೇಸಿಗೆ ಅಧಿಕೃತವಾಗಿ ಒಪ್ಪಿಗೆಯಾದ ಕಾರು. ಫೆರಾರಿಯ ಜಿಟಿಓ ನಿಜಕ್ಕೂ ಅಂಥದ್ದು. ಪಾಂಟಿಯಾಕ್‌ನದಕ್ಕೆ ಯಾರೂ ಯಾವ ಒಪ್ಪಿಗೆಯನ್ನೂ ಕೊಟ್ಟಿರಲಿಲ್ಲ. ಇನ್ನು ‘ಪಾಂಟಿಯಾಕ್’ ಎಂಬುದೂ ಎರವಲೇ. 1763ರಲ್ಲಿ ಡೆಟ್ರಾಯಿಟ್‌ನ ಬ್ರಿಟಿಷ್ ಕೋಟೆಗೆ ಮುತ್ತಿಗೆ ಹಾಕಿದ ಒಡಾವಾ ಜನಾಂಗದ ನಾಯಕನ ಹೆಸರದು. ಅವನ ಜನರನ್ನು ಈ ನೆಲದಿಂದ ಓಡಿಸಿದ ಮೇಲೆ ಅವನ ಹೆಸರನ್ನು ಊರಿಗೆ ಇಟ್ಟರು, ಊರಿನದನ್ನು ಕಾರಿಗೆ ಇಟ್ಟರು. ಈ ದೇಶದಲ್ಲಿ ಇಂಥ ಹೆಸರುಗಳು ಹೆಜ್ಜೆಗೊಂದು ಸಿಗುತ್ತವೆ.

ಕೊಳ್ಳುವವರು ಎಲ್ಲಿಂದ ಬಂದರು ಎಂಬುದಕ್ಕೆ ಉತ್ತರ ಸರಳ. ಎರಡನೆಯ ಮಹಾಯುದ್ಧ ಮುಗಿಸಿ ಮನೆಗೆ ಬಂದ ಸಿಪಾಯಿಗಳಿಗೆ 1946ರಲ್ಲಿ ಹುಟ್ಟಿದ ಮಕ್ಕಳಿಗೆ 1964ಕ್ಕೆ ಹದಿನೆಂಟು ತುಂಬಿತು. ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದರೆ ಮೊದಲ ವಾರದಿಂದಲೇ ಕೈಯಲ್ಲಿ ಕಾಸು. ಶೆವರ್ಲೆ ಕಾರ್ವೆಟ್ ನಾಲ್ಕು ಸಾವಿರ ಡಾಲರಿಗೂ ಮೇಲೆ, ಅದರಲ್ಲಿ ಕೂರಲು ಇಬ್ಬರಿಗಷ್ಟೇ ಜಾಗ. ಜಿಟಿಓ ಮೂರು ಸಾವಿರದ ಆಸುಪಾಸಿಗೆ ಸಿಗುತ್ತಿತ್ತು. ಹಿಂದಿನ ಸೀಟು ಇತ್ತು, ಡಿಕ್ಕಿ ಇತ್ತು. ವಾರವೆಲ್ಲ ಕೆಲಸಕ್ಕೆ, ಶನಿವಾರ ರಾತ್ರಿ ರೇಸಿಗೆ, ಭಾನುವಾರ ಅಮ್ಮನನ್ನು ಚರ್ಚಿಗೆ ಕರೆದೊಯ್ಯಲಿಕ್ಕೆ ಒಂದೇ ಕಾರು. ಇದೇ ಅದರ ಮೊದಲ ಗುಣ, ನನ್ನ ಮಟ್ಟಿಗೆ ಅತಿ ದೊಡ್ಡ ಗುಣ. ವೇಗ ಎಂಬುದು ಅಲ್ಲಿಯವರೆಗೆ ಶ್ರೀಮಂತರ ಸೊತ್ತಾಗಿತ್ತು. ಅದನ್ನು ಕಂತಿನ ಮೇಲೆ ಕಾರ್ಮಿಕನ ಮಗನಿಗೆ ಕೊಟ್ಟದ್ದು ಸಣ್ಣ ಮಾತಲ್ಲ.

ಇವನ್ನು ಡೆಟ್ರಾಯಿಟ್ ಪ್ರಾಂತದಲ್ಲಿ ಮಾತ್ರವಲ್ಲ, ಕ್ಯಾಲಿಫೋರ್ನಿಯದ ಫ್ರೀಮಾಂಟ್‌ನಲ್ಲೂ ಜೋಡಿಸುತ್ತಿದ್ದರು. ಅದೇ ಜಾಗದಲ್ಲಿ ಈಗ ಟೆಸ್ಲಾ ಕಾರುಗಳು ತಯಾರಾಗುತ್ತವೆ. ಆ ಊರಿನ ಕನ್ನಡಿಗರು ದಿನವೂ ಹಾದುಹೋಗುವ ಗೇಟು ಅದು.

ಜಿಟಿಓ ಹೆಸರನ್ನು ಮನೆಮಾತು ಮಾಡಿದವನು ಎಂಜಿನಿಯರಲ್ಲ, ಜಿಮ್ ವ್ಯಾಂಗರ್ಸ್ ಎಂಬ ಜಾಹೀರಾತಿನವನು. ಸ್ವತಃ ಡ್ರ್ಯಾಗ್ ರೇಸು ಓಡಿಸಿ ಗೆದ್ದಿದ್ದವನು. 1964ರ ಮಾರ್ಚ್ ತಿಂಗಳ ‘ಕಾರ್ ಆ್ಯಂಡ್ ಡ್ರೈವರ್’ ಪತ್ರಿಕೆಯ ಮುಖಪುಟದಲ್ಲಿ ಎರಡು ಜಿಟಿಓಗಳ ಚಿತ್ರ ಬಂತು, ಒಂದು ಫೆರಾರಿ, ಇನ್ನೊಂದು ಪಾಂಟಿಯಾಕ್. ಒಳಗಿನ ಲೇಖನದ ಪ್ರಕಾರ ಪಾಂಟಿಯಾಕ್ ಸೊನ್ನೆಯಿಂದ 60 ಮೈಲಿ ವೇಗವನ್ನು 4.6 ಸೆಕೆಂಡಿನಲ್ಲಿ ಮುಟ್ಟಿತು. ಓದಿದ ಹುಡುಗರು ಅಂಗಡಿಗೆ ಓಡಿದರು. ತಮಾಷೆ ಏನೆಂದರೆ ಫೆರಾರಿ ಪರೀಕ್ಷೆಗೆ ಬರಲೇ ಇಲ್ಲ. ಹೋಲಿಕೆ ಬರೀ ಮಾತಿನದು. ಅದಕ್ಕಿಂತ ದೊಡ್ಡ ಸಂಗತಿಯನ್ನು ವ್ಯಾಂಗರ್ಸ್ ಎಷ್ಟೋ ವರ್ಷಗಳ ಮೇಲೆ ತಾನೇ ಒಪ್ಪಿಕೊಂಡ. ರಾಯಲ್ ಓಕ್ ಊರಿನ ರಾಯಲ್ ಪಾಂಟಿಯಾಕ್ ಅಂಗಡಿ ಸಿದ್ಧಪಡಿಸಿ ಕೊಟ್ಟಿದ್ದ ಆ ಕಾರಿನೊಳಗೆ ಇದ್ದದ್ದು 389 ಅಲ್ಲವೇ ಅಲ್ಲ, 421 ಘನ ಇಂಚಿನ ಎಂಜಿನ್. ಹೊರಗಿನಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಕಾಲಿನ್ಸ್‌ಗೆ ಹೊಳೆದ ಅದೇ ಗುಟ್ಟು ಇಲ್ಲಿ ಮೋಸಕ್ಕೂ ಒದಗಿತು. ಅಂಗಡಿಯಿಂದ ಕೊಂಡ ಮಾಮೂಲಿ ಜಿಟಿಓ ಆ ವೇಗ ಮುಟ್ಟಲು ಏಳು ಸೆಕೆಂಡಿನ ಸುತ್ತಮುತ್ತ ತೆಗೆದುಕೊಳ್ಳುತ್ತಿತ್ತು. ಅದೂ ಆ ಕಾಲಕ್ಕೆ ಬಹಳ ಚುರುಕೇ. ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಆದರೆ ಮುಖಪುಟ ಸಿಗುತ್ತಿರಲಿಲ್ಲ.

ಈ ಕಾರುಗಳ ರಂಗಸ್ಥಳ ವುಡ್‌ವರ್ಡ್ ಅವೆನ್ಯೂ. ಡೆಟ್ರಾಯಿಟ್ ನದಿಯ ದಂಡೆಯಿಂದ ಪಾಂಟಿಯಾಕ್ ಊರಿನವರೆಗೆ ಹೋಗುವ ಅಗಲವಾದ ರಸ್ತೆ. ಇದರದೇ ಒಂದು ಮೈಲಿಗೆ 1909ರಲ್ಲಿ ಕಾಂಕ್ರೀಟು ಹಾಕಿದ್ದರು, ಆಗ ಅದನ್ನು ನೋಡಲು ದೂರದೂರದಿಂದ ಜನ ಬರುತ್ತಿದ್ದರಂತೆ. 1960ರ ದಶಕದ ರಾತ್ರಿಗಳಲ್ಲಿ ರಾಯಲ್ ಓಕ್‌ನ ಟೋಟೆಮ್ ಪೋಲ್, ಇನ್ನೂ ಉತ್ತರಕ್ಕೆ ಟೆಡ್ಸ್ ಎಂಬ ಡ್ರೈವ್-ಇನ್ ಹೋಟೆಲುಗಳ ಅಂಗಳದಲ್ಲಿ ಹುಡುಗರು ಸೇರುತ್ತಿದ್ದರು. ಒಂದು ಸಿಗ್ನಲ್‌ನಿಂದ ಇನ್ನೊಂದಕ್ಕೆ ಪಂದ್ಯ. ಅವರ ನಡುವೆ ಕಂಪನಿಗಳ ಎಂಜಿನಿಯರುಗಳೂ ಇನ್ನೂ ಮಾರುಕಟ್ಟೆಗೆ ಬಾರದ ಭಾಗಗಳನ್ನು ಹಾಕಿಕೊಂಡು ಬರುತ್ತಿದ್ದರು. ಈ ನೆನಪನ್ನು ಇಲ್ಲಿಯ ಹಿರಿಯರು ಸತ್ಯಯುಗದ ಕಥೆಯಂತೆ ಹೇಳುತ್ತಾರೆ. ನಾನು ಕೇಳುತ್ತ ಒಂದು ವಿಷಯ ಗಮನಿಸಿದ್ದೇನೆ. ಅವರ ಕಥೆಗಳೆಲ್ಲ ಎಯ್ಟ್ ಮೈಲ್ ರಸ್ತೆಯ ಉತ್ತರದ, ಬಿಳಿಯರ ಬಡಾವಣೆಗಳ ಕಥೆಗಳು. ಅದೇ ರಸ್ತೆಯ ದಕ್ಷಿಣಕ್ಕೆ, ಡೆಟ್ರಾಯಿಟ್ ನಗರದಲ್ಲಿ, 1967ರ ಜುಲೈನಲ್ಲಿ ದಂಗೆಯೆದ್ದು 43 ಜನ ಸತ್ತರು. ಅಲ್ಲಿಯ ಕರಿಯ ಕಾರ್ಮಿಕರೂ ಈ ಕಾರುಗಳನ್ನು ಜೋಡಿಸಿದವರೇ, ಕೊಂಡವರೇ. ವುಡ್‌ವರ್ಡ್ ಪುರಾಣದಲ್ಲಿ ಅವರ ಮುಖ ಅಪರೂಪ.

ಈಗ ನನ್ನ ಪೆಡಲಿಗೆ ಬರುತ್ತೇನೆ.

ನಮ್ಮ ಬೀದಿಯಲ್ಲಿ ಒಬ್ಬರು ಹಿರಿಯರಿದ್ದಾರೆ, ನಿವೃತ್ತ ಡೈ ಮೇಕರ್. ಅವರ ಗ್ಯಾರೇಜಿನಲ್ಲಿ 1965ರ ಜಿಟಿಓ ಕೂಪೆ ಇದೆ, ಕಡುನೀಲಿ. ಒಂದು ಭಾನುವಾರ ಬೆಳಿಗ್ಗೆ, ಕೈಗಾರಿಕಾ ಬಡಾವಣೆಯ ಖಾಲಿ ರಸ್ತೆಯಲ್ಲಿ, ಅವರು ಕೀಲಿಯನ್ನು ನನ್ನ ಕೈಗೆ ಕೊಟ್ಟರು. ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಈಗಿನ ಕಾರುಗಳಂತೆ ಸದ್ದಿಲ್ಲದೆ ಜಾರಿಹೋಗುವುದಿಲ್ಲ. ಮೊದಲು ಬಾನೆಟ್ ಮೇಲೇಳುತ್ತದೆ, ಆಮೇಲೆ ಬೆನ್ನಿಗೆ ಒತ್ತು ಬೀಳುತ್ತದೆ, ಎದೆಯೊಳಗೆ ಒಂದು ಗುಡುಗು. ತೇರು ಎಳೆಯುವಾಗ ಮೊದಲು ಮಿಣಿ ಬಿಗಿದು ಆಮೇಲೆ ಚಕ್ರ ತಿರುಗುತ್ತದಲ್ಲ, ಹಾಗೆ. ನಾನು ನಕ್ಕೆ. ಪಕ್ಕದಲ್ಲಿದ್ದ ಅವರೂ ನಕ್ಕರು. ಐವತ್ತು ಮೈಲಿ ಮುಟ್ಟಿದ ಮೇಲೆ ಬ್ರೇಕ್ ಒತ್ತಿದೆ. ನಿಂತಿತು. ಇನ್ನೊಮ್ಮೆ ಓಡಿಸಿ ಒತ್ತಿದೆ. ಸ್ವಲ್ಪ ಮುಂದೆ ಹೋಗಿ ನಿಂತಿತು, ಎಡಕ್ಕೆ ಎಳೆಯಿತು. ಮೂರನೆಯ ಬಾರಿಗೆ ಪೆಡಲು ಗಟ್ಟಿಯಾಗಿಯೇ ಇತ್ತು, ನಾನು ಕಾಲಿಡೀ ಭಾರ ಹಾಕಿದ್ದೆ, ಕಾರು ಮಾತ್ರ ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಸುಟ್ಟ ಲೈನಿಂಗಿನ ವಾಸನೆ ಒಳಗೆ ಬಂತು. “ಸಾಕು, ತಣ್ಣಗಾಗಲಿ,” ಎಂದರು ಅವರು, ಏನೂ ವಿಶೇಷವಲ್ಲವೆಂಬಂತೆ.

ಇದರ ಕಾರಣ ಕಷ್ಟದ್ದಲ್ಲ. 1964ರಿಂದ 1966ರವರೆಗಿನ ಜಿಟಿಓಗಳ ನಾಲ್ಕೂ ಚಕ್ರಗಳಲ್ಲಿ ಇದ್ದದ್ದು ಒಂಬತ್ತೂವರೆ ಇಂಚಿನ ಡ್ರಮ್ ಬ್ರೇಕುಗಳು. ಸೌಮ್ಯ ಎಂಜಿನ್ನಿನ ಟೆಂಪೆಸ್ಟ್‌ಗೆ ಹಾಕಿದವೇ. ವೇಗ ಎರಡರಷ್ಟಾದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕರಷ್ಟಾಗುತ್ತದೆ. ಅದೆಲ್ಲ ಶಾಖವಾಗಿ ಡ್ರಮ್ಮಿನೊಳಗೇ ಉಳಿಯುತ್ತದೆ, ಅಲ್ಲಿ ಗಾಳಿಯಾಡಲು ಜಾಗವಿಲ್ಲ. ಕಾದ ಡ್ರಮ್ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಲೈನಿಂಗ್ ಹಿಡಿತ ಕಳೆದುಕೊಳ್ಳುತ್ತದೆ. ಶಿರಾಡಿ ಘಾಟಿ ಇಳಿಯುವಾಗ ಹಳೆಯ ಲಾರಿ ಡ್ರೈವರುಗಳು ಕಡಿಮೆ ಗೇರಿನಲ್ಲೇ ಯಾಕೆ ಇಳಿಯುತ್ತಾರೆ ಎಂದು ಕೇಳಿ ನೋಡಿ, ಇದೇ ಪಾಠ ಹೇಳುತ್ತಾರೆ. ಇನ್ನೊಂದು ದೋಷ ಇದಕ್ಕಿಂತ ಕೆಟ್ಟದ್ದು. ನಾಲ್ಕು ಚಕ್ರಕ್ಕೂ ಬ್ರೇಕ್ ಎಣ್ಣೆ ಒಂದೇ ಮಾರ್ಗದಲ್ಲಿ ಹೋಗುತ್ತಿತ್ತು. ಎಲ್ಲಾದರೂ ಒಂದು ಕಡೆ ಸೋರಿದರೆ ನಾಲ್ಕೂ ಹೋದವು. ಆ ಕಾಲದ ಬಹುತೇಕ ಅಮೆರಿಕನ್ ಕಾರುಗಳು ಹೀಗೇ ಇದ್ದವು ಎನ್ನುವುದು ನಿಜ. ಆದರೆ ಅವುಗಳಲ್ಲಿ ಬಹುಪಾಲಿಗೆ 348 ಅಶ್ವಶಕ್ತಿ ಇರಲಿಲ್ಲ.

ನನಗೆ ಸಿಟ್ಟು ಬರುವುದು ಬೇರೆಯದಕ್ಕೆ. ಪಾಂಟಿಯಾಕ್‌ಗೆ ಒಳ್ಳೆಯ ಬ್ರೇಕು ಗೊತ್ತಿರಲಿಲ್ಲವೆಂದಲ್ಲ. ಅವರ ದೊಡ್ಡ ಕಾರುಗಳಿಗೆ 1960ರಿಂದಲೇ ಎಂಟು ಬೋಲ್ಟಿನ, ಶಾಖವನ್ನು ಬೇಗ ಬಿಟ್ಟುಕೊಡುವ ಅಲ್ಯೂಮಿನಿಯಂ ಡ್ರಮ್ಮುಗಳು ಆಪ್ಷನ್ನಾಗಿ ಸಿಗುತ್ತಿದ್ದವು. ಜಿಟಿಓಗೆ ಅದನ್ನು ಕೊಡಲಿಲ್ಲ. ಲೋಹ ಬೆರೆಸಿದ ಲೈನಿಂಗನ್ನು ಹೆಚ್ಚಿನ ಹಣಕ್ಕೆ ಇಟ್ಟಿದ್ದರು. ಅದು ಕಾದ ಮೇಲೆ ಚೆನ್ನಾಗಿ ಹಿಡಿಯುತ್ತದೆ, ತಣ್ಣಗಿದ್ದಾಗ ಸತಾಯಿಸುತ್ತದೆ. ಆಪ್ಷನ್ ಪಟ್ಟಿಯಲ್ಲಿ ಅಡಗಿ ಬಂದ ಕಾರಲ್ಲವೇ, ಪಟ್ಟಿ ಹಿಡಿದು ಕೂತ ಹದಿನೆಂಟರ ಹುಡುಗ ತನ್ನ ಹಣವನ್ನು ಮೂರು ಕಾರ್ಬುರೇಟರಿಗೆ ಹಾಕುತ್ತಾನೋ ಬ್ರೇಕ್ ಲೈನಿಂಗಿಗೋ? ನಿರ್ಧಾರವನ್ನು ಅವನಿಗೆ ಬಿಟ್ಟದ್ದೇ ತಪ್ಪು. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು ಬಂದದ್ದು 1967ರಲ್ಲಿ, ಅದೂ ಆಪ್ಷನ್ನಾಗಿಯೇ. ಬ್ರೇಕ್ ಎಣ್ಣೆಗೆ ಎರಡು ಮಾರ್ಗ ಬಂದದ್ದೂ ಅದೇ ವರ್ಷ. ಅಷ್ಟರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜಿಟಿಓಗಳು ರಸ್ತೆಯ ಮೇಲಿದ್ದವು.

ಉಳಿದ ಕುಂದುಗಳನ್ನು ಬೇಗ ಹೇಳಿಬಿಡುತ್ತೇನೆ. ಬೀಡುಕಬ್ಬಿಣದ ಎಂಜಿನ್ ಒಂದೇ ಸುಮಾರು 300 ಕಿಲೋ, ಎಲ್ಲ ಭಾರ ಮೂತಿಯ ಮೇಲೆ. ತಿರುವಿನಲ್ಲಿ ಕಾರು ನೇರವಾಗಿ ಹೋಗಲು ಹಟ ಹಿಡಿಯುತ್ತದೆ. ಪವರ್ ಇಲ್ಲದ ಸ್ಟಿಯರಿಂಗನ್ನು ಬಾವಿಯ ರಾಟೆಯಂತೆ ಸುತ್ತಬೇಕು. ಪೆಟ್ರೋಲು ಗ್ಯಾಲನ್ನಿಗೆ ಹನ್ನೆರಡು ಮೈಲಿ ಬಂದರೆ ಪುಣ್ಯ. ಆ ಪೆಟ್ರೋಲಿಗೂ ಸೀಸ ಬೆರೆಸಿರಬೇಕು, ಯಾಕೆಂದರೆ ಅಷ್ಟು ಹೆಚ್ಚಿನ ಕಂಪ್ರೆಷನ್ನಿನ ಎಂಜಿನ್ ಅದಿಲ್ಲದೆ ಬಡಿದುಕೊಳ್ಳುತ್ತದೆ. ಸೀಸ ಬೆರೆಸುವ ಉಪಾಯ ಜನರಲ್ ಮೋಟರ್ಸ್‌ನ ಪ್ರಯೋಗಾಲಯದಲ್ಲೇ 1921ರಲ್ಲಿ ಹುಟ್ಟಿದ್ದು. ಅದರ ಹೊಗೆಯನ್ನು ಇಡೀ ಜಗತ್ತು ಕುಡಿಯಿತು. ನಾವು ಬೆಂಗಳೂರಿನಲ್ಲಿ ಅದನ್ನು 2000ದವರೆಗೂ ಕುಡಿದೆವು. ಇನ್ನು 325, 348 ಎಂಬ ಅಶ್ವಶಕ್ತಿಯ ಅಂಕಿಗಳು ಏರ್ ಫಿಲ್ಟರು, ಸೈಲೆನ್ಸರು, ಆಲ್ಟರ್ನೇಟರು ಏನೂ ಇಲ್ಲದ ಬೆತ್ತಲೆ ಎಂಜಿನ್ನನ್ನು ಮೇಜಿನ ಮೇಲಿಟ್ಟು ಅಳೆದದ್ದು. ಕಾರಿನೊಳಗೆ ಕೂರಿಸಿದ ಎಂಜಿನ್ನನ್ನು ಅದರ ಸಂಸಾರ ಸಮೇತ ಅಳೆಯುವ ಪದ್ಧತಿ 1972ರಲ್ಲಿ ಬಂತು. ಎಲ್ಲ ಕಂಪನಿಗಳ ಅಂಕಿಗಳೂ ಒಂದೇ ರಾತ್ರಿಯಲ್ಲಿ ಬಡಕಲಾದವು.

ಅವಸಾನ ಬೇಗ ಬಂತು. ಅಮೆರಿಕದ ರಸ್ತೆಗಳಲ್ಲಿ 1966ರ ಹೊತ್ತಿಗೆ ವರ್ಷಕ್ಕೆ 50 ಸಾವಿರಕ್ಕೂ ಹೆಚ್ಚು ಜನ ಸಾಯುತ್ತಿದ್ದರು. ಹಿಂದಿನ ವರ್ಷ ಬಂದಿದ್ದ ರಾಲ್ಫ್ ನೇಡರನ ‘ಅನ್‌ಸೇಫ್ ಎಟ್ ಎನಿ ಸ್ಪೀಡ್’ ಎಂಬ ಪುಸ್ತಕ ಕಂಪನಿಗಳ ನಿದ್ದೆ ಕೆಡಿಸಿತು. ಅದೇ 1966ರಲ್ಲಿ ವಾಹನ ಸುರಕ್ಷೆಯ ಕಾನೂನು ಆಯಿತು. ಸಾವುಗಳನ್ನೆಲ್ಲ ಮಸಲ್ ಕಾರುಗಳ ತಲೆಗೆ ಕಟ್ಟುವುದು ಅನ್ಯಾಯ. ಆದರೆ ವಿಮಾ ಕಂಪನಿಗಳಿಗೆ ಲೆಕ್ಕ ಗೊತ್ತಿತ್ತು. ದಶಕ ಮುಗಿಯುವ ಹೊತ್ತಿಗೆ ಇಪ್ಪತ್ತೈದರೊಳಗಿನ ಹುಡುಗ ಇಂಥ ಕಾರು ಕೊಂಡರೆ ವಿಮೆಯ ಕಂತು ಕಾರಿನ ಕಂತನ್ನು ಮುಟ್ಟುವಂತಾಯಿತು. ಜಿಟಿಓ ಅಷ್ಟರಲ್ಲಿ ಇನ್ನಷ್ಟು ಸುಂದರವಾಗಿತ್ತು. 1968ರ ಮಾದರಿಗೆ ಸಣ್ಣಪುಟ್ಟ ಗುದ್ದಿಗೆ ತಗ್ಗಿ ಮತ್ತೆ ಮೊದಲಿನಂತಾಗುವ, ಮೈಬಣ್ಣದ್ದೇ ಬಂಪರು ಬಂತು. 1969ರಲ್ಲಿ ‘ದಿ ಜಡ್ಜ್’ ಎಂಬ ಕೇಸರಿ ಬಣ್ಣದ ಅಬ್ಬರದ ಮಾದರಿ ಬಂತು. ಆದರೂ 1970ರಲ್ಲಿ 40 ಸಾವಿರವಿದ್ದ ಮಾರಾಟ ಮರುವರ್ಷ 10 ಸಾವಿರಕ್ಕೆ ಕುಸಿಯಿತು. ಶುದ್ಧ ಗಾಳಿಯ ಕಾನೂನಿಗೆ ತಯಾರಾಗಲು 1971ರಲ್ಲಿ ಜನರಲ್ ಮೋಟರ್ಸ್ ತನ್ನ ಎಲ್ಲ ಎಂಜಿನ್ನುಗಳ ಕಂಪ್ರೆಷನ್ ಇಳಿಸಿತು. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದಾಗ ಜಿಟಿಓ ಹೆಸರು ಒಂದು ಸಣ್ಣ ಕಾರಿನ ಮೇಲಿನ ಚೀಟಿಯಾಗಿ ಉಳಿದಿತ್ತು. 1974ಕ್ಕೆ ಅದೂ ನಿಂತಿತು.

ಡಿಲೋರಿಯನ್ 1965ರಲ್ಲೇ, ನಲವತ್ತರ ವಯಸ್ಸಿನಲ್ಲಿ, ಪಾಂಟಿಯಾಕ್‌ನ ಮುಖ್ಯಸ್ಥನಾಗಿದ್ದ. ಮುಂದೆ ಕಂಪನಿ ಬಿಟ್ಟು ತನ್ನದೇ ಹೆಸರಿನ ಸ್ಟೀಲು ಕಾರು ಮಾಡಿ ದಿವಾಳಿಯೆದ್ದದ್ದು, ಮಾದಕವಸ್ತುವಿನ ಮೊಕದ್ದಮೆಯಲ್ಲಿ ಸಿಕ್ಕಿ 1984ರಲ್ಲಿ ಖುಲಾಸೆಯಾದದ್ದು ಬೇರೆಯೇ ಪುರಾಣ.

ಈ ಹೆಸರು ಇನ್ನೊಮ್ಮೆ ಹುಟ್ಟಿತು. 2004ರಲ್ಲಿ ಆಸ್ಟ್ರೇಲಿಯದ ಹೋಲ್ಡನ್ ಮೊನಾರೊ ಕಾರಿಗೆ ಪಾಂಟಿಯಾಕ್ ಮೂತಿ ಕೂರಿಸಿ ಹಡಗಿನಲ್ಲಿ ತಂದರು. ಅದರ 350 ಅಶ್ವಶಕ್ತಿ ಈ ಬಾರಿ ಸಂಸಾರ ಸಮೇತ ಅಳೆದದ್ದು. ನಾಲ್ಕು ಚಕ್ರಕ್ಕೂ ಡಿಸ್ಕ್, ಎಬಿಎಸ್, ಏರ್‌ಬ್ಯಾಗು. ಹಳೆಯದರ ಕುಂದುಗಳಲ್ಲಿ ಒಂದೂ ಇದರಲ್ಲಿರಲಿಲ್ಲ. ಅದನ್ನು ನಾನು ಓಡಿಸಿದ್ದೇನೆ, ಮೂರನೆಯ ಬಾರಿಗೂ ಮೊದಲನೆಯ ಬಾರಿಯಂತೆಯೇ ನಿಲ್ಲುತ್ತದೆ. ನೋಡಲು ಬಾಡಿಗೆ ಕಾರಿನ ಹಾಗಿದೆ ಎಂದು ಜನ ಮೂಗು ಮುರಿದರು. ಮೂರು ವರ್ಷದಲ್ಲಿ 40 ಸಾವಿರದಷ್ಟು ಹೋದವು, ಅಷ್ಟೆ. 2009ರಲ್ಲಿ ಕಂಪನಿ ದಿವಾಳಿಯ ಅಂಚಿಗೆ ಬಂದಾಗ ಪಾಂಟಿಯಾಕ್ ವಿಭಾಗವನ್ನೇ ಮುಚ್ಚುವ ತೀರ್ಮಾನವಾಯಿತು.

ಪ್ರತಿ ಆಗಸ್ಟಿನ ಮೂರನೆಯ ಶನಿವಾರ ವುಡ್‌ವರ್ಡ್ ಮೇಲೆ ಹಳೆಯ ಕಾರುಗಳ ಮೆರವಣಿಗೆ ನಡೆಯುತ್ತದೆ. 1995ರಿಂದ ಬಂದ ಪದ್ಧತಿ. ಸಾವಿರಾರು ಕಾರುಗಳು ಬರುವುದರಿಂದ ಯಾವುದೂ ಹತ್ತು ಮೈಲಿ ವೇಗ ಮೀರುವುದಿಲ್ಲ. ಬಿಸಿಲಿಗೆ ಎಂಜಿನ್ ಕುದಿದು ರಸ್ತೆಬದಿಗೆ ನಿಂತವುಗಳ ಬಾನೆಟ್ ಎತ್ತಿಕೊಂಡು, ಎಪ್ಪತ್ತೈದು ದಾಟಿದ ಹುಡುಗರು ಮಡಿಸುವ ಕುರ್ಚಿ ಹಾಕಿ ಕೂತಿರುತ್ತಾರೆ.